ಅಟ್ಟದ ಮೇಲಿನ ಬುಟ್ಟಿಯೂ ಕಮಲಾದೇವಿಯವರೂ

ದೀಪಾವಳಿಗೆ ಮನೆ ಸುಣ್ಣ ಮಾಡುವಾಗ ನಿಮ್ಮ ಅಟ್ಟದ ಮೇಲಿಂದ ಏನೇನು ಕೆಳಗಿಳಿಯುತ್ತದೆ, ಒಮ್ಮೆ ನೆನಪು ಮಾಡಿಕೊಳ್ಳಿ. ನೆಗ್ಗಿದ ತಾಮ್ರದ ಕೊಡ, ಅಜ್ಜಿ ಹೊಲಿದ ಕೌದಿ, ಬಣ್ಣ ಹಾರಿದ ತೊಟ್ಟಿಲು, ಮೂಲೆಯಲ್ಲಿ ಒಂದು ಬುಟ್ಟಿ. ಇವನ್ನೆಲ್ಲ ಏನು ಮಾಡುವುದೆಂದು ಸೊಂಟದ ಮೇಲೆ ಕೈ ಇಟ್ಟುಕೊಂಡು ನಿಲ್ಲದ ಗೃಹಿಣಿ ಯಾರಿದ್ದಾರೆ?

ಮೂಡಲಗಿಯಲ್ಲಿ ನಮ್ಮ ಸೋದರತ್ತೆಯ ಮನೆಯಲ್ಲೂ ಹೀಗೇ ಆಯಿತು. ಬುಟ್ಟಿಯ ತುಂಬ ಗೋಕಾಕದ ಮರದ ಹಣ್ಣುಗಳು: ಮಾವು, ಬಾಳೆ, ಸೀತಾಫಲ. ಜತೆಗೆ ಕಸೂತಿ ಹಾಕಿದ ಒಂದು ಹಳೆಯ ಸೀರೆ. ಅತ್ತೆಯ ಸೊಸೆ ಹಣ್ಣುಗಳನ್ನು ತಿಪ್ಪೆಗೂ, ಸೀರೆಯನ್ನು ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವಳಿಗೂ ಎಂದು ಬೇರೆ ಮಾಡಿಟ್ಟಳು.

"ಯಾರಿಗೆ ಬೇಕ್ರಿ ಅತ್ತಿ ಇವು? ಹುಡುಗ್ರು ಮುಟ್ಟೂದೂ ಇಲ್ಲ."

"ತಡಿಯವ್ವಾ," ಎಂದರು ಅತ್ತೆ. "ಸಣ್ಣಾಕಿದ್ದಾಗ ಆ ಮಾವಿನಹಣ್ಣು ಖರೇ ಅಂತ ತಿಳಕೊಂಡು ಕಡದೇನಿ ನಾನು. ನೋಡು, ಹಲ್ಲಿನ ಗುರುತು ಇನ್ನೂ ಐತಿ."

ನೋಡಿದೆವು. ನಿಜವಾಗಿಯೂ ಇತ್ತು!

ಆ ಗಳಿಗೆಯಲ್ಲಿ ನನಗೆ ನೆನಪಾದವರು ಶ್ರೀಮತಿ ಕಮಲಾದೇವಿ ಚಟ್ಟೋಪಾಧ್ಯಾಯರು. ಇಂಥ ಬುಟ್ಟಿಗಳು ತಿಪ್ಪೆ ಸೇರಬಾರದೆಂದು ಅರ್ಧ ಆಯುಷ್ಯ ದುಡಿದ ಮಹಿಳೆ. ಹೆಸರು ಬಂಗಾಲಿಯಾದರೂ ಅವರು ನಮ್ಮ ಮಂಗಳೂರಿನ ಮಗಳು.

ತಾಯಿ ಕಲಿಸಿದ ಪಾಠ

ಕಮಲಾದೇವಿಯವರು ಹುಟ್ಟಿದ್ದು 1903ರ ಏಪ್ರಿಲ್ 3ರಂದು. ತಂದೆ ಅನಂತಯ್ಯ ಧಾರೇಶ್ವರರು ಸರಕಾರದ ದೊಡ್ಡ ಅಧಿಕಾರಿ. ಮಗಳಿಗೆ ಏಳು ವರ್ಷವಾಗಿದ್ದಾಗ ಅವರು ತೀರಿಕೊಂಡರು. ಮರಣಪತ್ರ ಬರೆದಿಟ್ಟಿರಲಿಲ್ಲ. ಆಗಿನ ಕಾಯಿದೆಯಂತೆ ಆಸ್ತಿಯೆಲ್ಲ ಮಲಮಗನ ಪಾಲಾಯಿತು. ತಾಯಿ ಗಿರಿಜಾಬಾಯಿಯವರ ಪಾಲಿಗೆ ಬಂದದ್ದು ತಿಂಗಳಿಗಿಷ್ಟು ಎಂಬ ಜೀವನಾಂಶ ಮಾತ್ರ. ಆ ತಾಯಿ ಅದನ್ನು ಮುಟ್ಟಲಿಲ್ಲ. ತನ್ನ ಸ್ತ್ರೀಧನದಲ್ಲೇ ಹೆಣ್ಣುಮಕ್ಕಳನ್ನು ಬೆಳೆಸಿದರು.

ಮನೆಯಲ್ಲಿ ಹೆಣ್ಣಿನ ದುಡಿತವಿದ್ದರೂ ಕಾಗದದ ಮೇಲೆ ಅವಳ ಹೆಸರಿಲ್ಲದಿದ್ದರೆ ಏನಾಗುತ್ತದೆ ಎಂಬುದನ್ನು ಕಮಲಾದೇವಿ ಹೀಗೆ ಚಿಕ್ಕಂದಿನಲ್ಲೇ ಕಂಡರು.

14ನೇ ವಯಸ್ಸಿಗೆ ಮದುವೆ, ಸ್ವಲ್ಪ ಕಾಲದಲ್ಲೇ ವೈಧವ್ಯ. ಆದರೆ ಅವರ ಓದು ನಿಲ್ಲಲಿಲ್ಲ. ಮದ್ರಾಸಿನಲ್ಲಿ ಕಲಿಯುತ್ತಿದ್ದಾಗ ಸರೋಜಿನಿ ನಾಯ್ಡು ಅವರ ತಮ್ಮ, ಕವಿ ಹರೀಂದ್ರನಾಥರನ್ನು ಮದುವೆಯಾದರು. ಬಾಲವಿಧವೆಯ ಮರುಮದುವೆ, ಅದೂ ಬೇರೆ ಪ್ರಾಂತದವರೊಡನೆ! ಜನ ಆಡಿಕೊಂಡದ್ದು ಎಷ್ಟೋ. ಮುಂದೆ ಆ ಸಂಸಾರವೂ ಕೂಡಿಬರಲಿಲ್ಲ. ಇಬ್ಬರೂ ಒಪ್ಪಿ ಬೇರೆಯಾದರು.

1926ರಲ್ಲಿ ಮದ್ರಾಸ್ ಶಾಸನಸಭೆಯ ಚುನಾವಣೆಗೆ ನಿಂತು ಕೆಲವೇ ಮತಗಳಿಂದ ಸೋತರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಹೆಂಗಸರಿಗೂ ಪಾಲಿರಬೇಕೆಂದು ಗಾಂಧೀಜಿಯವರ ಹತ್ತಿರವೇ ವಾದಿಸಿದರು. ಮುಂಬಯಿಯಲ್ಲಿ ಉಪ್ಪಿನ ಪೊಟ್ಟಣ ಮಾರಿ ಸೆರೆಮನೆಗೂ ಹೋದರು. ಮರ್ಯಾದಸ್ಥ ಮನೆತನದ ಹೆಣ್ಣು ಪರದೆಯ ಮೇಲೆ ಬರಬಾರದೆನ್ನುತ್ತಿದ್ದ ಆ ಕಾಲದಲ್ಲಿ, 1931ರ 'ವಸಂತಸೇನಾ' ಮೂಕಿ ಚಿತ್ರದಲ್ಲಿ ಪಾತ್ರವನ್ನೂ ಮಾಡಿದರು.

ಪದವಿ ಬಿಟ್ಟು ಹಳ್ಳಿಯ ದಾರಿ

ಸ್ವಾತಂತ್ರ್ಯ ಬಂದ ಮೇಲೆ ಅವರ ಜತೆಗಾರರು ಅನೇಕರು ಮಂತ್ರಿಗಳೂ ರಾಜ್ಯಪಾಲರೂ ಆದರು. ಕಮಲಾದೇವಿಯವರು ಹಿಡಿದ ದಾರಿ ಬೇರೆ. ದೇಶ ಇಬ್ಭಾಗವಾಗಿ ಮನೆಮಠ ಕಳಕೊಂಡು ಬಂದವರಿಗಾಗಿ 1948ರಲ್ಲಿ ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. ಫರೀದಾಬಾದಿನಲ್ಲಿ ನಿರಾಶ್ರಿತರು ನೆಲೆ ನಿಲ್ಲಲು ನೆರವಾದರು.

1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿ ಹುಟ್ಟಿತು. ಅದರ ಹೊಣೆ ಹೊತ್ತ ಕಮಲಾದೇವಿಯವರು ಸುಮಾರು ಇಪ್ಪತ್ತು ವರ್ಷ ಊರೂರು ಅಲೆದರು. ನೇಕಾರ, ಕುಂಬಾರ, ಕಂಚುಗಾರ, ಗೊಂಬೆ ಮಾಡುವವ, ಕಸೂತಿ ಹಾಕುವಾಕೆ ಇವರ ಕೆಲಸವನ್ನು ಕಣ್ಣಾರೆ ಕಂಡರು. ಕಂಡದ್ದನ್ನು ಬರೆದಿಟ್ಟರು. ಭಾರತದ ಕರಕುಶಲ ಕಲೆ, ಕಸೂತಿ, ಜಮಖಾನೆಗಳ ಬಗ್ಗೆ ಅವರು ಬರೆದ ಪುಸ್ತಕಗಳನ್ನು ವಿದ್ವಾಂಸರು ಇಂದಿಗೂ ತಿರುವಿ ನೋಡುತ್ತಾರೆ.

ಬರೆದರಷ್ಟೇ ಸಾಲದು, ವಸ್ತುವೂ ಉಳಿಯಬೇಕಲ್ಲ? ಮಂಡಳಿಯವರು 1950ರ ದಶಕದಿಂದ ಕೂಡಿಸಿದ ಸಂಗ್ರಹವೇ ಬೆಳೆದು ದೆಹಲಿಯ ರಾಷ್ಟ್ರೀಯ ಕರಕುಶಲ ವಸ್ತು ಸಂಗ್ರಹಾಲಯವಾಗಿದೆ. ಅಲ್ಲಿ ಈಗ 30,000ಕ್ಕೂ ಹೆಚ್ಚು ವಸ್ತುಗಳಿವೆ. ರಾಜರ ಕಿರೀಟ, ಖಡ್ಗ ನೋಡಲು ಬೇರೆ ಮ್ಯೂಸಿಯಂಗಳಿಗೆ ಹೋಗಬೇಕು. ಇಲ್ಲಿ ಮಾನದ ಸ್ಥಾನ ಸಿಕ್ಕಿರುವುದು ಮಡಕೆ, ಬುಟ್ಟಿ, ಸೀರೆ, ದೀಪ, ಗೊಂಬೆಗಳಿಗೆ. ರಂಗಭೂಮಿಯ ಮುಖವಾಡ, ಗೊಂಬೆಗಳಿಗೆಂದು ದೆಹಲಿಯಲ್ಲೇ ಇನ್ನೊಂದು ಸಂಗ್ರಹಾಲಯ ಮಾಡಿ, ಅದಕ್ಕೆ ತಮ್ಮ ಕರಾವಳಿಯ ನಾಯಕ ಶ್ರೀನಿವಾಸ ಮಲ್ಯರ ಹೆಸರಿಟ್ಟರು.

ಇಂಥ ಕೆಲಸ ಬೇರೆ ದೇಶಗಳಲ್ಲೂ ನಡೆದಿದೆ. ನಾರ್ವೆ ದೇಶದ ಇಂದಿನ ಓಸ್ಲೋ ನಗರದಲ್ಲಿ ಹಾನ್ಸ್ ಆಲ್ ಎಂಬವರು 1894ರಲ್ಲಿ ಜಾನಪದ ವಸ್ತು ಸಂಗ್ರಹಾಲಯ ಸ್ಥಾಪಿಸಿದರು. ರೈತರ ಮರದ ಮನೆಗಳನ್ನೇ ಬಿಚ್ಚಿ ತಂದು ಅಲ್ಲಿ ಮತ್ತೆ ಜೋಡಿಸಿದ್ದಾರೆ. ನಮ್ಮ ಮಣಿಪಾಲದಲ್ಲಿ ವಿಜಯನಾಥ ಶೆಣೈಯವರು ಹಳೆಯ ಮನೆಗಳನ್ನು ಹೀಗೇ ಉಳಿಸಿದ್ದಾರೆ.

ಆದರೆ ಕಮಲಾದೇವಿಯವರಿಗೆ ವಸ್ತು ಉಳಿದರೆ ಸಾಲದು, ಮಾಡುವ ಕೈಯೂ ಉಳಿಯಬೇಕಿತ್ತು. ಅವರ ಪ್ರಯತ್ನದಿಂದ 1965ರಲ್ಲಿ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿ ಬಂತು. ಅಲ್ಲಿಯವರೆಗೆ ಹೆಸರೇ ಇಲ್ಲದೆ ದುಡಿದವರ ಹೆಸರು ಹಾಳೆಯ ಮೇಲೆ ಬಂತು. ಸ್ವತಃ ಅವರಿಗೆ 1955ರಲ್ಲಿ ಪದ್ಮಭೂಷಣ, 1966ರಲ್ಲಿ ಮ್ಯಾಗ್ಸೇಸೆ, 1987ರಲ್ಲಿ ಪದ್ಮವಿಭೂಷಣ ಸಂದವು. 1988ರ ಅಕ್ಟೋಬರ್ 29ರಂದು ಅವರು ತೀರಿಕೊಂಡರು.

ನಮ್ಮ ಓಣಿಯಲ್ಲೇ ಇದೆಯಲ್ಲ!

ಗೋಕಾಕ ಎಂದರೆ ನಮಗೆ ಮೊದಲು ನೆನಪಾಗುವುದು ಕರದಂಟು, ಆಮೇಲೆ ಜಲಪಾತ. ಹಗುರ ಮರ ಕೆತ್ತಿ, ನಿಜವಾದ ಹಣ್ಣೇ ಎನಿಸುವ ಹಾಗೆ ಬಣ್ಣ ಕೊಡುವ ಜೀನಗಾರರ ನೆನಪು ಎಷ್ಟು ಜನಕ್ಕೆ ಬರುತ್ತದೆ? ಹುಕ್ಕೇರಿಗೆ ಹೋದವರು ಆದಿಲಶಾಹಿ ಕಾಲದ ಗುಮ್ಮಟ ನೋಡಿ ಬರುತ್ತಾರೆ. ಆ ಊರಿನ ಓಣಿಯಲ್ಲಿ ಹಳೆಯ ಸೀರೆ ಮಡಿಚಿ ಕೌದಿ ಹೊಲಿಯುವ ಅಜ್ಜಿಯನ್ನು ಯಾರು ನಿಂತು ನೋಡುತ್ತಾರೆ?

ಕಸೂತಿಯನ್ನೇ ತೆಗೆದುಕೊಳ್ಳಿ. ಬಟ್ಟೆಯ ಮೇಲೆ ಮೊದಲು ಚಿತ್ರ ಬರೆಯುವಂತಿಲ್ಲ. ಎಳೆ ಎಣಿಸಿಯೇ ಹಾಕಬೇಕು, ಎಲ್ಲೂ ಗಂಟು ಬೀಳಬಾರದು. ಗಾವಂತಿ, ಮುರಗಿ, ನೇಗಿ, ಮೆಂತೆ ಎಂಬ ನಾಲ್ಕೇ ಹೊಲಿಗೆಯಲ್ಲಿ ತೇರು, ಗೋಪುರ, ತುಳಸಿಕಟ್ಟೆ, ಅಂಬಾರಿ ಆನೆ ಎಲ್ಲವೂ ಮೂಡುತ್ತವೆ. ಇದು ಲೆಕ್ಕವೂ ಹೌದು, ಕಲೆಯೂ ಹೌದು. "ಏನೋ ಹೊತ್ತು ಹೋಗಲಿ ಅಂತ ಹಾಕಿದ್ದು" ಎಂದು ನಾವೇ ಅದನ್ನು ಕಡಿಮೆ ಮಾಡಿ ಆಡಿದರೆ ಬೇರೆಯವರು ಬೆಲೆ ಕೊಟ್ಟಾರೆಯೇ?

ನೀವು ಮಾಡಬಹುದಾದದ್ದು

ಮರದ ಗೊಂಬೆಗೆ ನೀರು ತಾಗಿಸಬೇಡಿ, ಬಣ್ಣ ಏಳುತ್ತದೆ. ಒಣಗಿದ ಮೆತ್ತನೆಯ ಅರಿವೆಯಿಂದ ಧೂಳು ಒರೆಸಿ, ಬಿಸಿಲು ಬೀಳದ ಕಡೆ ಇಡಿ. ಕಸೂತಿ ಸೀರೆಯನ್ನು ತೊಳೆದ ಹಳೆಯ ಬಿಳಿ ಧೋತರದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಚೀಲ ಬೇಡ. ಎರಡು ಮೂರು ತಿಂಗಳಿಗೊಮ್ಮೆ ಮಡಿಕೆ ಬದಲಿಸಿ, ಇಲ್ಲದಿದ್ದರೆ ಮಡಿಚಿದಲ್ಲೇ ಎಳೆ ಹರಿಯುತ್ತದೆ. ನೆರಳಲ್ಲಿ ಒಣಗಿಸಿದ ಬೇವಿನ ಸೊಪ್ಪನ್ನು ಸಣ್ಣ ಗಂಟು ಕಟ್ಟಿ ಪೆಟ್ಟಿಗೆಯಲ್ಲಿ ಹಾಕಿಡಿ. ಕೌದಿಗೆ ಎಳೆಬಿಸಿಲು ಸಾಕು.

ಎಲ್ಲಕ್ಕಿಂತ ಮುಖ್ಯ, ಒಂದು ಚೀಟಿ. ಇದು ಏನು, ಯಾರು ಮಾಡಿದ್ದು, ಯಾವ ಊರು, ಸುಮಾರು ಯಾವ ವರ್ಷ, ಮನೆಗೆ ಹೇಗೆ ಬಂತು ಎಂದು ಪೆನ್ಸಿಲಿನಲ್ಲಿ ಬರೆದು ಜತೆಗಿಡಿ. ಶಾಯಿಯಾದರೆ ಕಲೆಯಾದೀತು. ದೊಡ್ಡ ಮ್ಯೂಸಿಯಂನವರು ಮೊದಲು ಮಾಡುವ ಕೆಲಸವೂ ಇದೇ.

ಮೂಡಲಗಿಯ ಹಣ್ಣುಗಳೀಗ ಅತ್ತೆಯ ಪಡಸಾಲೆಯ ಗಾಜಿನ ಕಪಾಟಿನಲ್ಲಿವೆ. ಸೀರೆಯೂ ಪಾತ್ರೆಯವಳ ಗಂಟು ಸೇರಲಿಲ್ಲ. ಚೀಟಿ ಬರೆದವಳು ಅದೇ ಸೊಸೆ. ಸೀರೆಯ ಚೀಟಿಯಲ್ಲಿ ಅತ್ತೆಯ ತಾಯಿಯ ಹೆಸರಿದೆ. ಹಣ್ಣಿನ ಚೀಟಿಯಲ್ಲಿ ಊರು ಗೋಕಾಕ ಎಂದಿದೆ. ಮಾಡಿದವರ ಹೆಸರಿನ ಜಾಗ ಖಾಲಿ.

"ಅಪ್ಪಗ ಗೊತ್ತಿತ್ತು. ನಾ ಕೇಳಲೇ ಇಲ್ಲ ನೋಡು," ಎಂದರು ಅತ್ತೆ.

ಓದುಗ ಸೋದರಿಯರೇ, ನಿಮ್ಮ ಮನೆಯಲ್ಲಿ ಹಿರಿಯರಿದ್ದರೆ ಇಂದು ಸಂಜೆ ದೀಪ ಹಚ್ಚಿದ ಮೇಲೆ ಒಂದು ಹಳೆಯ ವಸ್ತುವನ್ನು ಅವರ ಮುಂದಿಟ್ಟು, ಯಾರು ಮಾಡಿದ್ದೆಂದು ಕೇಳಿ. ಕೇಳಿದ್ದನ್ನು ಬರೆದಿಡಿ.