ಕಬ್ಬಿಣದ ಸೀಮೆಯಲ್ಲಿ ಕಬ್ಬಿಣದ ಕೊರತೆ

ಹೊರನಾಡು, ಕಳಸ, ಮೂಡಿಗೆರೆಗಳ ಸೀಮೆಯಲ್ಲಿ ಗಿಡಗಳಿಗೆ ಕಬ್ಬಿಣ ಸಾಲದೆಂದರೆ ಯಾರೂ ಸುಲಭವಾಗಿ ನಂಬಲಾರರು. ಕಳಸಕ್ಕೆ ಸಮೀಪದ ಕುದುರೆಮುಖದಲ್ಲಿ 1976ರಲ್ಲಿ ಸ್ಥಾಪಿತವಾದ ಸರ್ಕಾರಿ ಕಂಪನಿಯು 2005ರ ಕೊನೆಯವರೆಗೂ ಕಬ್ಬಿಣದ ಅದಿರನ್ನು ತೆಗೆಯಿತು. ದರೆಯನ್ನು ಕಡಿದಲ್ಲೆಲ್ಲ ಕಾಣುವ ಕೆಂಪು ಬಣ್ಣವೂ ಕಬ್ಬಿಣದ್ದೇ. ಆದಾಗ್ಯೂ ಕೆಲವು ಕಾಫಿ ನರ್ಸರಿಗಳಲ್ಲಿ ಸಸಿಗಳ ಕುಡಿಯೆಲೆಗಳು ಹಳದಿಯಾಗಿ, ಬಳಿಕ ಬಿಳಿಚಿಕೊಂಡು, ಬೆಳವಣಿಗೆಯೇ ನಿಂತುಬಿಡುವುದುಂಟು. ಮಳೆ ಹಿಡಿದೊಡನೆ ತೋಟಕ್ಕೆ ಹೋಗಬೇಕಾದ ಸಸಿಗಳು ಹೀಗಾದರೆ ತೋಡಿಟ್ಟ ಗುಂಡಿಗಳು ಬರಿದಾಗಿಯೇ ಉಳಿದು, ಜಮೀನುದಾರರಿಗೆ ಒಂದು ವರ್ಷವೇ ವ್ಯರ್ಥವಾಗುವುದು.

ಹಳದಿಯಾದ ಎಲೆಯೆಲ್ಲವೂ ಕಬ್ಬಿಣದ ಕೊರತೆಯದಲ್ಲವೆಂಬುದನ್ನು ಮೊದಲು ತಿಳಿಯತಕ್ಕದ್ದು. ಸಾರಜನಕವು ಸಾಲದಿದ್ದರೆ ಕೆಳಗಿನ ಹಳೆಯ ಎಲೆಗಳು ಮೊದಲು ಹಳದಿಯಾಗುವುವು. ಏತಕ್ಕೆಂದರೆ ಗಿಡವು ಅಲ್ಲಿಯ ಸಾರಜನಕವನ್ನು ಹಿಂತೆಗೆದು ಚಿಗುರಿಗೆ ಕಳುಹಿಸಬಲ್ಲದು. ಕಬ್ಬಿಣವನ್ನು ಹಾಗೆ ಸಾಗಿಸಲು ಅದಕ್ಕೆ ಆಗದು. ಆದುದರಿಂದ ಈ ಕೊರತೆಯಲ್ಲಿ ತುದಿಯ ಎಳೆಯ ಎಲೆಗಳೇ ಮೊದಲು ಬಣ್ಣಗೆಡುವುವು. ನರಗಳು ಮಾತ್ರ ಹಸುರಾಗಿದ್ದು ಎಲೆಯ ಮೇಲೆ ಬಲೆಯನ್ನು ಹಾಸಿದಂತೆ ಕಾಣುವುದು. ಎಲೆಯ ಹಸುರಿನೊಳಗೆ ಕಬ್ಬಿಣವಿಲ್ಲ. ಆದರೆ ಆ ಹಸುರನ್ನು ಕಟ್ಟುವ ಕೆಲಸವು ಕಬ್ಬಿಣವಿಲ್ಲದೆ ಸಾಗದು.

ಮಲೆನಾಡಿನ ಮಣ್ಣು ಸಹಜವಾಗಿ ಹುಳಿ. ಅಂತಹ ಮಣ್ಣಿನಲ್ಲಿ ಬೇರಿಗೆ ಬೇಕಾದಷ್ಟು ಕಬ್ಬಿಣವು ಕರಗಿರುತ್ತದೆ. ಹುಳಿಯು ಕಡಿಮೆಯಾಗಿ ರಸಸಾರದ ಅಳತೆಯಲ್ಲಿ ಒಂದು ಅಂಕ ಮೇಲೇರಿದರೆ, ತುಕ್ಕಿನ ರೂಪದ ಕಬ್ಬಿಣವು ಕರಗುವ ಪ್ರಮಾಣವು ಸಾವಿರದಲ್ಲೊಂದು ಪಾಲಿಗೆ ಇಳಿಯುತ್ತದೆ. ಕಾಫಿಗೆ ರಸಸಾರವು 6ರಿಂದ 6.5ರವರೆಗೆ ಇದ್ದರೆ ಸಾಕು. ಇದನ್ನು ಅಳೆಯದೆ, ಸುಣ್ಣ ಒಳ್ಳೆಯದೆಂದು ಕೇಳಿದ ಮಾತ್ರಕ್ಕೆ ಚೀಲದ ಮಣ್ಣಿಗೆ ಬೊಗಸೆಗಟ್ಟಲೆ ಬೆರೆಸುವುದೇ ಅನೇಕ ನರ್ಸರಿಗಳ ರೋಗಕ್ಕೆ ಮೂಲ. ಬೋರ್ಡೋ ದ್ರಾವಣವು ಬಹುಕಾಲ ಬಿದ್ದ ಜಾಗದ ಮಣ್ಣನ್ನು ತಂದು ತುಂಬಿದರೆ, ಅದರ ತಾಮ್ರವೂ ಕಬ್ಬಿಣಕ್ಕೆ ಅಡ್ಡಬರಬಹುದು.

ಹವಾಯಿ ದ್ವೀಪಗಳಲ್ಲಿಯೂ ಕಬ್ಬಿಣ ತುಂಬಿದ ಮಣ್ಣಿನಲ್ಲಿಯೇ ಅನಾನಸು ಹಳದಿಯಾಗುತ್ತಿದ್ದಿತು. ಅಲ್ಲಿ ಮ್ಯಾಂಗನೀಸು ಅಡ್ಡಿಯಾಗಿದ್ದಿತು. 1916ರ ವೇಳೆಗೆ ಜಾನ್ಸನ್ ಎಂಬ ವಿಜ್ಞಾನಿಯು ಅನ್ನಭೇದಿಯ ನೀರನ್ನು ಎಲೆಗಳ ಮೇಲೆಯೇ ಎರಚಿ ಗಿಡಗಳನ್ನು ಹಸುರುಗೊಳಿಸಿದನು. ಸಮುದ್ರದ ಸ್ಥಿತಿಯೂ ಇದೇ. ಅದರ ನೀರಿನ ರಸಸಾರವು 8ಕ್ಕಿಂತ ಮೇಲಿರುವುದರಿಂದ ಕಬ್ಬಿಣವು ತುಕ್ಕಾಗಿ ತಳಕ್ಕಿಳಿಯುತ್ತದೆ. ಪಟ್ಟಣಗಳಲ್ಲಿ ಗಾಜಿನ ತೊಟ್ಟಿಯಲ್ಲಿ ಉಪ್ಪುನೀರಿಟ್ಟು ಕಡಲಪಾಚಿಯನ್ನು ಬೆಳೆಸುವವರು ಇದೇ ಕಾರಣದಿಂದ, ತುಕ್ಕಾಗದಂತೆ ಇ.ಡಿ.ಟಿ.ಎ. ಮೊದಲಾದ ರಾಸಾಯನಿಕಕ್ಕೆ ಕಟ್ಟಿದ ಕಬ್ಬಿಣವನ್ನು ಅತ್ಯಲ್ಪವಾಗಿ ಹಾಕುತ್ತಾರೆ. ಹೆಚ್ಚಾದರೆ ಬೇಡದ ಹಾವಸೆಯೇ ತೊಟ್ಟಿಯನ್ನು ತುಂಬುವುದು.

ಇದರಿಂದ ತೋಟದವರಿಗೆ ತಿಳಿಯಬೇಕಾದ್ದೇನೆಂದರೆ, ಸುಣ್ಣ ಹೆಚ್ಚಾದ ಮಣ್ಣಿಗೆ ಅನ್ನಭೇದಿಯನ್ನು ಸುರಿಯುವುದು ಹಣವನ್ನು ಹೂಳಿದಂತೆಯೇ ಸರಿ. ಎಲೆಗೆ ಕೊಡತಕ್ಕದ್ದು. ಒಂದು ಲೀಟರ್ ನೀರಿಗೆ 5 ಗ್ರಾಂ ಅನ್ನಭೇದಿಯನ್ನು ಕರಗಿಸಿ, ಮೊದಲು ನಾಲ್ಕಾರು ಸಸಿಗಳಿಗೆ ಮಾತ್ರ ಬಿಸಿಲಿಳಿದ ಮೇಲೆ ಸಿಂಪಡಿಸಬೇಕು. ವಾರ ಹತ್ತು ದಿನಗಳಲ್ಲಿ ಹನಿ ಬಿದ್ದಲ್ಲಿ ಹಸುರು ಮರಳಿದರೆ ಕೊರತೆಯು ಕಬ್ಬಿಣದ್ದೇ ಎಂದು ತಿಳಿದು ಉಳಿದವಕ್ಕೂ ಕೊಡಬಹುದು. ಮರಳದಿದ್ದರೆ ಕಾರಣವನ್ನು ಬೇರೆ ಕಡೆ ಹುಡುಕಬೇಕು. ಕೊಳ್ಳುವಾಗ ಹರಳು ತಿಳಿಹಸುರಾಗಿರಲಿ. ಕಂದುಬಣ್ಣಕ್ಕೆ ತಿರುಗಿದ್ದು ತುಕ್ಕಾದ ಸರಕು. ದ್ರಾವಣವನ್ನು ಅಂದಂದಿಗೇ ಮಾಡಿಕೊಳ್ಳಬೇಕು, ಬೋರ್ಡೋ ದ್ರಾವಣದೊಡನೆ ಎಂದಿಗೂ ಬೆರೆಸಕೂಡದು. ಪ್ರಮಾಣ ಮೀರಿದರೆ ಎಲೆ ಸುಡುವುದು. ಮುಂದಿನ ಸಾಲಿಗೆ ಚೀಲ ತುಂಬುವ ಮೊದಲು ಮಣ್ಣನ್ನು ಪರೀಕ್ಷೆ ಮಾಡಿಸುವುದು ಇವೆಲ್ಲಕ್ಕಿಂತ ಅಗ್ಗ. 1925ರಲ್ಲಿ ಪ್ರಾರಂಭವಾದ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರವು ಈ ಸೀಮೆಗೆ ದೂರವಲ್ಲ.

ಅದೇ ಜಮೀನುದಾರರ ಹಳ್ಳದ ಗದ್ದೆಯಲ್ಲಿ ಸಂಗತಿಯು ತಿರುಗುಮುರುಗು. ನೀರು ನಿಂತು ಗಾಳಿಯಾಡದ ಮಣ್ಣಿನಲ್ಲಿ ತುಕ್ಕು ಮತ್ತೆ ಕರಗಿ, ಬತ್ತಕ್ಕೆ ಕಬ್ಬಿಣವು ನಂಜಾಗುತ್ತದೆ. ಎಲೆಗಳಲ್ಲಿ ತುದಿಯಿಂದ ಕಂದುಚುಕ್ಕೆಗಳು ಹರಡಿ ಪೈರು ಕಂಚಿನ ಬಣ್ಣಕ್ಕೆ ತಿರುಗುವುದು. ಒರತೆಯ ನೀರಿನ ಮೇಲೆ ಎಣ್ಣೆಯಂತೆ ಹೊಳೆಯುವ ಕೆನೆಯನ್ನು ಕಡ್ಡಿಯಿಂದ ಕದಡಿ ನೋಡಬಹುದು: ಎಣ್ಣೆಯಾದರೆ ಮತ್ತೆ ಕೂಡಿಕೊಳ್ಳುವುದು, ಕಬ್ಬಿಣದ ಕೆನೆಯಾದರೆ ಚೂರುಚೂರಾಗಿ ನಿಲ್ಲುವುದು. ಇಂತಹ ಗದ್ದೆಗೆ ಅನ್ನಭೇದಿಯನ್ನು ಸೋಕಿಸಲೂ ಕೂಡದು. ದರೆಯ ಬುಡದಲ್ಲಿ ಬಸಿಗಾಲುವೆಯನ್ನು ತೆಗೆದು ಒರತೆಯನ್ನು ಹೊರಕ್ಕೆ ತಿರುಗಿಸಿ, ನಡುವೆ ಕೆಲವು ದಿನ ನೀರನ್ನು ಬಸಿದು, ಪೊಟ್ಯಾಷ್ ಗೊಬ್ಬರವನ್ನು ತಪ್ಪದೆ ಕೊಡಬೇಕು. ನರ್ಸರಿಯಲ್ಲಿ ಮಿಕ್ಕ ಸುಣ್ಣಕ್ಕೂ ಇಲ್ಲಿಯೇ ಕೆಲಸವುಂಟು.