ನಿಮಗಿದು ಗೊತ್ತೆ? ಹಾಯಿದೋಣಿಗೂ ಬೇಕು ವಿಶ್ರಾಂತಿ

ಚಳಿ ದೇಶಗಳಲ್ಲಿ ಚಳಿಗಾಲ ಬಂತೆಂದರೆ ಹಾಯಿದೋಣಿಗಳನ್ನು ದಡಕ್ಕೆಳೆದು ದುರಸ್ತಿಗೆ ಇಡುತ್ತಾರೆ. ನೀರು ಹೆಪ್ಪುಗಟ್ಟುವಾಗ ಸುಮಾರು ಶೇ 9ರಷ್ಟು ಹಿಗ್ಗುತ್ತದೆ. ಹಳೆಯ ದೋಣಿಯ ಸಣ್ಣ ಬಿರುಕಿನಲ್ಲಿ ನಿಂತ ನೀರೂ ಅದರ ಒಡಲನ್ನು ಸೀಳಬಲ್ಲದು.

* ಹೈದರಾಬಾದಿನ ಹುಸೇನ್ ಸಾಗರದಲ್ಲಿ ಆ ಭಯವಿಲ್ಲ. 16ನೇ ಶತಮಾನದ ಈ ಕೆರೆಯಲ್ಲಿ ಮುಂಗಾರಿನ ಗಾಳಿ ನೆಚ್ಚಿಕೊಂಡು ಜುಲೈ ಸುಮಾರಿಗೆ ರಾಷ್ಟ್ರಮಟ್ಟದ ಹಾಯಿದೋಣಿ ಸ್ಪರ್ಧೆಗಳು ನಡೆಯುತ್ತವೆ.

* ಅದೇ ವೇಳೆ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ಜೂನ್ 1ರಿಂದ ಜುಲೈ 31ರವರೆಗೆ, 61 ದಿನ ನಿಷೇಧ. ಮಲ್ಪೆ, ಮಂಗಳೂರಿನ ಬೋಟುಗಳಿಗೆ ಅದೇ ವಿಶ್ರಾಂತಿ, ಅದೇ ದುರಸ್ತಿಯ ಕಾಲ.

* ಸ್ಪರ್ಧೆಯ ‘ಲೇಸರ್’ ದೋಣಿ 4.2 ಮೀಟರ್ ಉದ್ದ, ಸುಮಾರು 59 ಕಿಲೊ ತೂಕದ ಫೈಬರ್ ದೋಣಿ. ದುರಸ್ತಿಗೆ ಮುನ್ನ ಹಿಂಬದಿಯ ಬಿರಡೆ ತೆಗೆದು ಒಳಗಿನ ನೀರು ಬಸಿಯುತ್ತಾರೆ. ಮೈಯನ್ನು ಬೆರಳಿನಿಂದ ತಟ್ಟಿದಾಗ ಟೊಳ್ಳು ಸದ್ದು ಬಂದರೆ ಒಳಪದರ ಬಿಟ್ಟಿರಬಹುದು.

* ತೇವವಿದ್ದರೆ ತೇಪೆಗೆ ಬಳಸುವ ರೆಸಿನ್ ಅಂಟು ಸರಿಯಾಗಿ ಹಿಡಿಯದು. ಪೂರ್ತಿ ಒಣಗಿಸಿದ ಮೇಲೆಯೇ ತೇಪೆ ಹಾಕಬೇಕು.

ಬಿಸಿಲು ಹಾಯಿಬಟ್ಟೆಯ ಶತ್ರು. ಸಿಹಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ, ಸುತ್ತಿಟ್ಟರೆ ಅದರ ಆಯುಷ್ಯ ಹೆಚ್ಚುತ್ತದೆ.