ಬೇರುಸಹಿತ ತೂಗಿದ ಗಿಡ

ಕುಂದಗೋಳದ ಮೆಣಸಿನಕಾಯಿ ಹೊಲದಲ್ಲೋ, ಕಲಘಟಗಿಯ ಗೋವಿನಜೋಳದ ಸಾಲಿನಲ್ಲೋ ಗಾಂಜಾ ಗಿಡ ಇದೆಯೆಂಬ ಸುಳಿವು ಸಿಕ್ಕರೆ ಪೊಲೀಸ್ ಜೀಪು ಹೊಲಕ್ಕೇ ಬರುತ್ತದೆ. ಗಿಡ ಕಿತ್ತು ಪಂಚರ ಮುಂದೆ ತಕ್ಕಡಿಗೆ ಹಾಕುತ್ತಾರೆ. ಎಷ್ಟೋ ಪ್ರಕರಣಗಳಲ್ಲಿ ಬೇರು, ಕಾಂಡ, ಎಲೆ ಎಲ್ಲ ಸೇರಿಯೇ ತೂಕ. ಮರುದಿನ ಪತ್ರಿಕೆಯಲ್ಲಿ ಇಷ್ಟು ಕೆ.ಜಿ. ಹಸಿ ಗಾಂಜಾ ವಶ ಎಂಬ ಸುದ್ದಿ. ರೈತನಿಗೆ ಜಾಮೀನು ಸಿಗುತ್ತದೋ ಇಲ್ಲವೋ ಎಂಬುದು ಬಹುಪಾಲು ಆ ಕೆ.ಜಿ. ಲೆಕ್ಕಕ್ಕೇ ನೇತುಬಿದ್ದಿರುತ್ತದೆ.

ಈ ಗಿಡ ಮೊದಲಿನಿಂದಲೂ ಅಪರಾಧವಾಗಿರಲಿಲ್ಲ. ಬ್ರಿಟಿಷರು 1893ರಲ್ಲಿ ನೇಮಿಸಿದ ಗಾಂಜಾ ಆಯೋಗ, ಮಿತ ಬಳಕೆಯಿಂದ ದೊಡ್ಡ ಹಾನಿಯಿಲ್ಲ, ನಿಷೇಧಕ್ಕಿಂತ ತೆರಿಗೆ, ಪರವಾನಗಿಯೇ ವಾಸಿ ಎಂದಿತ್ತು. ಧಾರವಾಡ ಆಗ ಮುಂಬೈ ಪ್ರಾಂತ್ಯದಲ್ಲಿತ್ತು. 1949ರ ಮುಂಬೈ ಪಾನನಿರೋಧ ಕಾಯ್ದೆ ಹೆಂಡದ ಜತೆ ಗಾಂಜಾವನ್ನೂ ಕಟ್ಟಿಹಾಕಿತು. 1961ರ ಅಂತರರಾಷ್ಟ್ರೀಯ ಒಪ್ಪಂದ ಸಾಂಪ್ರದಾಯಿಕ ಬಳಕೆ ನಿಲ್ಲಿಸಲು 25 ವರ್ಷಗಳ ಗಡುವು ಕೊಟ್ಟಿತು. ದಿಲ್ಲಿ 1985ರಲ್ಲಿ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆ ತಂದಿತು. ಅದು ನವೆಂಬರ್ 14ರಂದು ಜಾರಿಗೆ ಬಂತು. ಗಾಂಜಾ ಬೆಳೆದವನಿಗೆ ಆಗ ಗರಿಷ್ಠ 5 ವರ್ಷ ಶಿಕ್ಷೆಯಿತ್ತು. 2001ರ ತಿದ್ದುಪಡಿ ಅದನ್ನು 10 ವರ್ಷಕ್ಕೆ, ದಂಡವನ್ನು 1 ಲಕ್ಷ ರೂಪಾಯಿಗೆ ಏರಿಸಿತು.

ಅದೇ ವರ್ಷ ಗಾಂಜಾಗೆ 1 ಕೆ.ಜಿ.ವರೆಗೆ ಅಲ್ಪ ಪ್ರಮಾಣ, 20 ಕೆ.ಜಿ. ದಾಟಿದರೆ ವಾಣಿಜ್ಯ ಪ್ರಮಾಣ ಎಂಬ ಅಳತೆಯೂ ಬಂತು. ಗಿಡ ಬೆಳೆದ ಅಪರಾಧಕ್ಕೆ ಈ ಮೆಟ್ಟಿಲುಗಳಿಲ್ಲ. ಗಾಂಜಾ ಇಟ್ಟುಕೊಂಡ ಅಪರಾಧಕ್ಕೆ ಇವೆ. ಹಾಗಾಗಿ ಬೇರುಸಹಿತ ತೂಗಿದ್ದು 20 ಕೆ.ಜಿ. ಮೀರಿತೆಂದು ತೋರಿಸಿ ಎರಡನೆಯ ಆರೋಪವನ್ನೂ ಸೇರಿಸಿದರೆ ಕಾಯ್ದೆಯ 37ನೇ ಕಲಮಿನ ಕಟ್ಟುನಿಟ್ಟು ಎದುರಾಗುತ್ತದೆ. ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಕಾರಣವಿದೆ ಎಂದು ನ್ಯಾಯಾಧೀಶರಿಗೆ ಮನವರಿಕೆಯಾಗದೆ ಜಾಮೀನಿಲ್ಲ. ಆದರೆ ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಗಿಡದ ಹೂಬಿಟ್ಟ ಅಥವಾ ಕಾಯಿಬಿಟ್ಟ ತುದಿ ಮಾತ್ರ. ತುದಿಯಿಲ್ಲದ ಎಲೆ, ಬೀಜ ಅದರಲ್ಲಿ ಸೇರವು. ಬೇರು, ಕಾಂಡದ ಮಾತಂತೂ ಇಲ್ಲ. ತೂಕವನ್ನು ಬೇರ್ಪಡಿಸಿಲ್ಲ ಎಂಬ ಕಾರಣಕ್ಕೆ ಹೈಕೋರ್ಟ್‌ಗಳು ಜಾಮೀನು ಕೊಟ್ಟದ್ದುಂಟು. ಕರ್ನಾಟಕ ಹೈಕೋರ್ಟ್ 2022ರಲ್ಲಿ ಭಂಗಿಯ ಪ್ರಕರಣವೊಂದರಲ್ಲಿ ಇದೇ ವ್ಯಾಖ್ಯೆ ಹಿಡಿದು ಜಾಮೀನು ನೀಡಿತ್ತು.

ಇನ್ನು, ಗಿಡ ಯಾರದು? ನಮ್ಮ ಕಡೆ ಉತಾರದಲ್ಲಿ ಸತ್ತ ಅಜ್ಜನ ಹೆಸರೇ ಇರುತ್ತದೆ. ಹೊಲ ಲಾವಣಿಗೆ ಹೋಗಿರುತ್ತದೆ, ಮಾಲೀಕ ಹುಬ್ಬಳ್ಳಿಯಲ್ಲಿರುತ್ತಾನೆ. ತನ್ನ ಹೊಲದಲ್ಲಿ ಈ ಬೆಳೆಯಿದ್ದರೆ ಕೂಡಲೇ ತಿಳಿಸಬೇಕೆಂದು 46ನೇ ಕಲಮು ಜಮೀನುದಾರನಿಗೆ ಹೇಳುತ್ತದೆ. ಗೊತ್ತಿದ್ದೂ ಸುಮ್ಮನಿದ್ದರೆ ಅದೂ ಅಪರಾಧ. ಹಾಗೆಂದು ಗಿಡ ಸಿಕ್ಕಿತು ಎಂಬುದಷ್ಟೇ ಸಾಲದು. ಉತ್ತರ ಪ್ರದೇಶದ ಅಲಖ್ ರಾಮ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಗಿಡ ತಾನಾಗಿ ಹುಟ್ಟಿದ್ದಿರಬಹುದು, ಆರೋಪಿಯೇ ಬೆಳೆಸಿದನೆಂಬುದಕ್ಕೆ ಸಾಕ್ಷ್ಯ ಬೇಕು ಎಂದು ಆತನನ್ನು ಬಿಡುಗಡೆ ಮಾಡಿತು.

ಶಿಕ್ಷೆ ಕಠೋರವಾದಷ್ಟೂ ಶೋಧದ ನಿಯಮ ಬಿಗಿಯಾಗಿರಬೇಕೆಂದು ನ್ಯಾಯಾಲಯಗಳು ಮತ್ತೆ ಮತ್ತೆ ಹೇಳಿವೆ. ಮನೆ, ಕೊಟ್ಟಿಗೆ, ಬೇಲಿ ಹಾಕಿದ ಜಾಗ ಶೋಧಿಸಲು ಕಾನ್‌ಸ್ಟೆಬಲ್‌ಗೆ ಅಧಿಕಾರವಿಲ್ಲ, ಅದಕ್ಕಿಂತ ಮೇಲಿನ ಅಧಿಕೃತ ಅಧಿಕಾರಿಯೇ ಬೇಕು. ಸುಳಿವನ್ನು ಮೊದಲೇ ಬರೆದಿಟ್ಟು 72 ತಾಸಿನೊಳಗೆ ಮೇಲಧಿಕಾರಿಗೆ ಕಳಿಸಬೇಕು. ಸೂರ್ಯ ಮುಳುಗಿದ ಮೇಲೆ ವಾರಂಟ್ ಇಲ್ಲದೆ ನುಗ್ಗುವುದಾದರೆ ಕಾರಣ ಬರೆಯಬೇಕು. 2009ರಲ್ಲಿ ಕರ್ನೈಲ್ ಸಿಂಗ್ ಪ್ರಕರಣದ ಸಂವಿಧಾನ ಪೀಠ, ವಿಳಂಬಕ್ಕೆ ಸಮಜಾಯಿಷಿ ಕೊಡಬಹುದು, ನಿಯಮವನ್ನು ಪೂರ್ತಿ ಕಡೆಗಣಿಸುವಂತಿಲ್ಲ ಎಂದಿತು. ಬಯಲು ಹೊಲಕ್ಕೆ ಶೋಧದ ಈ ನಿಯಮ ಎಷ್ಟು ಅನ್ವಯ ಎಂಬುದರಲ್ಲಿ ವಕೀಲರ ವಾದ ಇನ್ನೂ ಮುಗಿದಿಲ್ಲ. ಮ್ಯಾಜಿಸ್ಟ್ರೇಟ್ ಎದುರು ತಪಾಸಣೆ ಕೇಳುವ ಹಕ್ಕಿನ ಬಗ್ಗೆ ಹಳ್ಳಿಗಳಲ್ಲಿ ತಪ್ಪು ತಿಳಿವಳಿಕೆಯಿದೆ: ಅದು ಮೈ ತಪಾಸಣೆಗೆ ಮಾತ್ರ, ಹೊಲಕ್ಕಲ್ಲ. ಮಾದರಿಯನ್ನು ಮ್ಯಾಜಿಸ್ಟ್ರೇಟ್ ಎದುರೇ ತೆಗೆಯಬೇಕೆಂಬುದು ಮಾತ್ರ ಸುಪ್ರೀಂ ಕೋರ್ಟಿನ 2016ರ ತೀರ್ಪಿನಿಂದ ಗಟ್ಟಿಯಾಗಿದೆ. 2024ರ ಜುಲೈ 1ರಿಂದ ಶೋಧದ ವಿಡಿಯೊ ಚಿತ್ರೀಕರಣವೂ ಕಡ್ಡಾಯ.

ದನದ ಔಷಧಕ್ಕೆ ಎರಡು ಗಿಡ ಬಿಟ್ಟಿದ್ದೆ ಎಂಬ ಮಾತು ಕೋರ್ಟಿನಲ್ಲಿ ನಿಲ್ಲದು. ವೈದ್ಯಕೀಯ ಬಳಕೆಗೆ ಬೆಳೆಯಲು ಅನುಮತಿ ಕೊಡುವ ಅಧಿಕಾರ ಕಾಯ್ದೆಯ 10ನೇ ಕಲಮಿನಲ್ಲಿ ರಾಜ್ಯಗಳಿಗಿದೆ. ಉತ್ತರಾಖಂಡ 2018ರಲ್ಲೇ ಕೈಗಾರಿಕಾ ತಳಿಗೆ ಪರವಾನಗಿ ಕೊಟ್ಟಿತು, ಜಮ್ಮುವಿನ ಸಿಎಸ್‌ಐಆರ್ ಸಂಸ್ಥೆ ಔಷಧ ಸಂಶೋಧನೆಗೆ ಬೆಳೆಯುತ್ತಿದೆ. ನಮ್ಮ ರೈತನಿಗೆ ಅಂಥ ದಾರಿ ತೆರೆದಿಲ್ಲ.

ನವಲಗುಂದದ ಜನ 1980ರ ರೈತ ಬಂಡಾಯದ ಗೋಲಿಬಾರನ್ನೂ, 2016ರ ಜುಲೈನಲ್ಲಿ ಮಹದಾಯಿ ಹೋರಾಟದ ವೇಳೆ ಯಮನೂರಿನ ಮನೆಗಳಿಗೆ ಪೊಲೀಸರು ನುಗ್ಗಿದ್ದನ್ನೂ ಮರೆತಿಲ್ಲ. ಜೀಪು ಕಂಡರೆ ಓಡುವುದು, ಕೇಳಿದ ಕಡೆ ಹೆಬ್ಬೆಟ್ಟು ಒತ್ತುವುದು ಆ ಹೆದರಿಕೆಯಿಂದಲೇ. ಗಿಡ ಬೆಳೆಸಿದವನಿಗೆ ಶಿಕ್ಷೆಯಾಗಲಿ, ತಕರಾರಿಲ್ಲ. ಬೇರು, ಕಾಂಡ ತೂಗಿ ತಿಂಗಳುಗಟ್ಟಲೆ ಜೈಲಿಗಟ್ಟುವುದು ಅನ್ಯಾಯ. ಪಂಚನಾಮೆ ಓದಿಸಿಕೊಳ್ಳದೆ ಸಹಿ ಮಾಡಬೇಡಿ, ವಶಪಡಿಸಿಕೊಂಡ ವಸ್ತುಗಳ ಪಟ್ಟಿಯ ಪ್ರತಿ ಕೇಳಿ, ಯಾವ ಭಾಗ ತೂಗಿದರು ಎಂದು ಬರೆಸಿ. ವಕೀಲರನ್ನಿಡುವ ಶಕ್ತಿಯಿಲ್ಲದಿದ್ದರೆ ತಾಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.